ಮನೆಯವರ ಮಾತು

'ಇಬ್ಬರನ್ನು ಒಬ್ಬರನ್ನಾಗಿ ಮಾಡಲಾಗಿದೆ.'

ಶನಿವಾರ ಮಧ್ಯಾಹ್ನ ಬುತ್ತಿ ಬಿಚ್ಚುತ್ತ ಕೂತಿದ್ದ ಸುವರ್ಣಾಳ ಮೊಬೈಲಿಗೆ ಅವಳ ಮನೆಯ ಓರಣ ಪೆಟ್ಟಿಗೆ ಕಳಿಸಿದ ವರದಿಯ ಕೊನೆಯ ಸಾಲು ಇದು. ಮೇಲಿನವೆಲ್ಲ ಎಂದಿನಂಥವು. ಒಂದೇ ಫೋಟೋದ ಹೆಚ್ಚಿನ ಪ್ರತಿಗಳನ್ನು ತೆಗೆದದ್ದು, 'ಹೊಸ ಫೋಲ್ಡರು', 'ಹೊಸ ಫೋಲ್ಡರು ಎರಡು' ಎಂದು ಬಿದ್ದುಕೊಂಡಿದ್ದವಕ್ಕೆ ಸರಿಯಾದ ಹೆಸರು ಇಟ್ಟದ್ದು, ಚದುರಿಹೋಗಿದ್ದ ಕರೆಂಟು ಬಿಲ್ಲುಗಳನ್ನು ಒಂದು ಕಡೆ ಸೇರಿಸಿದ್ದು. ಇಂಥ ವರದಿಗಳನ್ನು ನೋಡುವುದೇ ಅವಳ ದಿನದ ಕೆಲಸ. ಆದರೂ ರೊಟ್ಟಿ ಮುರಿದ ಕೈ ಅಲ್ಲೇ ನಿಂತಿತು. ತನ್ನ ಮನೆಯಲ್ಲಿ ಯಾರು ಆ ಇಬ್ಬರು?

ಧಾರವಾಡದ ಓರಣ ಕೇಂದ್ರದ ನಿಗಾ ಕೋಣೆಯಲ್ಲಿ ಸುವರ್ಣಾ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ದಿನವೂ ಗದಗಿನಿಂದ ರೈಲಿನಲ್ಲಿ ಬಂದುಹೋಗುತ್ತಿದ್ದಳು. ಹಗಲು ಅರಿವೆ ಅಂಗಡಿಯಲ್ಲಿ ದುಡಿದು, ಸಂಜೆ ಕ್ಲಾಸಿನಲ್ಲಿ ಕಂಪ್ಯೂಟರು ಕಲಿತು ಬಂದವಳು. ಅದಕ್ಕೇ ಏನೋ, ತನಗೆ ಗೊತ್ತಿರುವುದು ಸರಿಯೋ ತಪ್ಪೋ ಎಂಬ ಅನುಮಾನ ಅವಳನ್ನು ಬಿಟ್ಟಿರಲಿಲ್ಲ. ಒಂದು ಸಲ ನೋಡಿದ್ದನ್ನು ಎರಡನೇ ಸಲ ನೋಡುತ್ತಿದ್ದಳು, ಮನೆಗೆ ಹೊರಟವಳು ತಿರುಗಿ ಬಂದು ಮೂರನೇ ಸಲ ನೋಡುತ್ತಿದ್ದಳು. ಪಾಳಿಯ ಮುಖ್ಯಸ್ಥ ದಸ್ತಗೀರ ನಗುತ್ತಿದ್ದರು: "ತಂಗಿ, ನೀ ರೈಲಿನ್ಯಾಗ ಕುಂತ ಮ್ಯಾಲೂ ಕೆಳಗಿಳಿದು ಇದು ಗದಗಿನ ಗಾಡಿ ಹೌದೋ ಅಲ್ಲೋ ಅಂತ ನೋಡ್ತೀ ಅಲಾ?" ಹೌದು, ಒಂದೆರಡು ಸಲ ನೋಡಿದ್ದಳು.

ಓರಣ ಎಂದರೆ ಮನೆಯ ಕಂಪ್ಯೂಟರಿನ ಪಕ್ಕದಲ್ಲಿಡುವ, ಉಪ್ಪಿನಕಾಯಿ ಭರಣಿಯಷ್ಟು ದೊಡ್ಡ ಪೆಟ್ಟಿಗೆ. ಅದು ಬರುವ ಮೊದಲು ಜನರ ಕಂಪ್ಯೂಟರುಗಳು ಹಳೆಯ ಅಟ್ಟಗಳಂತಿದ್ದವು. ಮದುವೆ ಫೋಟೋಗಳ ನಡುವೆ ಎಕ್ಸ್‌ರೇ, ಎಕ್ಸ್‌ರೇಗಳ ನಡುವೆ ಅಂಕಪಟ್ಟಿ. ಬೇಕಾದ ಕಾಗದ ಸಿಗದೆ ಆಸ್ಪತ್ರೆಯ ಬಾಗಿಲಲ್ಲಿ ಅತ್ತವರಿದ್ದರು. ಓರಣ ಪ್ರತಿ ಫೈಲನ್ನೂ ಒಳಹೊಕ್ಕು ಓದುತ್ತಿತ್ತು. ಮುಖ, ದನಿ, ಕೈಬರಹ ನೋಡಿ ಇದು ಯಾರದು ಎಂದು ತಿಳಿದು, ಮನೆಯ ಒಬ್ಬೊಬ್ಬರಿಗೂ ಒಂದೊಂದು ಫೋಲ್ಡರು ಮಾಡುತ್ತಿತ್ತು. ತಿಳಿಯದಿದ್ದರೆ ಊರಿನ ಮಾತಿನಲ್ಲೇ ಕೇಳುತ್ತಿತ್ತು: ಇವರು ಯಾರ್ರೀ? ಇವರೂ ಅವರೂ ಒಬ್ಬರೇನ್ರೀ? ಮನೆಯ ಯಾರಾದರೊಬ್ಬ ಹಿರಿಯರು ಹೇಳಿದ ಉತ್ತರವೇ ಕೊನೆಯದು. ಅದನ್ನು ಕೇಂದ್ರದಲ್ಲಿ 'ಮನೆಯವರ ಮಾತು' ಎನ್ನುತ್ತಿದ್ದರು.

ಮನೆಯವರ ಮಾತನ್ನು ಯಾರೂ ಮುರಿಯುವಂತಿರಲಿಲ್ಲ. ಹಿಂದೆ ಕೇಂದ್ರಕ್ಕೊಂದು ತುರ್ತು ಕೀಲಿ ಇತ್ತು. ಯಾರೋ ಒಬ್ಬ ನೌಕರ ಅದನ್ನು ತಿರುವಿ ಒಂದು ಮನೆಯ ಹೆಣ್ಣುಮಕ್ಕಳ ಫೋಟೋಗಳನ್ನು ಹೊರಗೆ ಬಿಟ್ಟ ಮೇಲೆ ಆ ಕೀಲಿಯನ್ನೇ ಕಿತ್ತುಹಾಕಿದ್ದರು. ಮನೆಯೊಳಗಿನವರೂ ಒಬ್ಬರ ಮಾತನ್ನು ಇನ್ನೊಬ್ಬರು ಅಳಿಸುವಂತಿರಲಿಲ್ಲ. ಅಳಿಸಲು ಬಿಟ್ಟರೆ ಪಾಲಿನ ಜಗಳದಲ್ಲಿ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಮನೆಯ ಕಂಪ್ಯೂಟರಿನಿಂದಲೇ ಹೊರಗೆ ಹಾಕುತ್ತಿದ್ದರು. ಹೇಳಿದ ದನಿಯೇ, ಆ ಪೆಟ್ಟಿಗೆಯ ಮುಂದೆಯೇ ಕೂತು, ಬಾಯಿಬಿಟ್ಟು ಬೇರೆ ಹೇಳಬೇಕು. ಫೋನಿನಲ್ಲಿ ಬಂದ ದನಿ ನಡೆಯದು. ಕಳ್ಳದನಿ ಮಾಡುವುದು ಈಗ ಮಕ್ಕಳಾಟ.

ಅದೇ ದಿನ ಬೆಳಿಗ್ಗೆ ಕೊಪ್ಪಳದಿಂದ ಒಬ್ಬ ಗಂಡಸು ಫೋನು ಮಾಡಿದ್ದ. ಅವನ ಅಣ್ಣ ಸಿಟ್ಟಿನಲ್ಲಿ, ಓಡಿಹೋದ ತಂಗಿ ನಮ್ಮ ಮನೆಯವಳಲ್ಲ ಎಂದು ಓರಣಕ್ಕೆ ಹೇಳಿಬಿಟ್ಟಿದ್ದನಂತೆ. ಅವಳ ಬಾಲ್ಯದ ಫೋಟೋಗಳೆಲ್ಲ 'ಬೇರೆಯವರು' ಫೋಲ್ಡರಿಗೆ ಹೋಗಿ ಕೂತಿದ್ದವು. "ನಾನೂ ಮನಿಯವನs ಅಲ್ರೀ ಮೇಡಂ?" ಎಂದು ಅವನು ಮೂರು ಥರ ಕೇಳಿದ್ದ. ಸುವರ್ಣಾ ಮೂರು ಸಲವೂ ಒಂದೇ ಉತ್ತರ ಕೊಟ್ಟಿದ್ದಳು. ಹೇಳಿದವರೇ ಬಂದು ಹೇಳಬೇಕ್ರಿ.

ಈಗ ಅವಳು ವರದಿಯ ಸಾಲಿನ ಮೇಲೆ ಬೆರಳೊತ್ತಿದಳು. ಎರಡು ಹೆಸರುಗಳು ಕಂಡವು. ವೀರಭದ್ರಪ್ಪ. ವೀರಭದ್ರ.

ಮೊದಲನೆಯವರು ಅವಳ ಮಾವ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು, ಏಳು ವರ್ಷದ ಹಿಂದೆ ತೀರಿಕೊಂಡವರು. ಎರಡನೆಯವನು ಅವಳ ಆರು ವರ್ಷದ ಮಗ, ಅಜ್ಜ ಹೋದ ಮರುವರ್ಷ ಹುಟ್ಟಿದವನು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವುದು ಆ ಮನೆಯ ಪದ್ಧತಿ. ಹಿಂದಿನ ಎರಡು ತಲೆಮಾರಿನಲ್ಲೂ ಹಾಗೇ ನಡೆದಿತ್ತು.

ಸುವರ್ಣಾ ಆರೋಗ್ಯದ ಫೋಲ್ಡರು ತೆರೆದಳು. ಒಂದೇ ಇತ್ತು. ಸಕ್ಕರೆ ಕಾಯಿಲೆ: ಹೌದು. ಎಷ್ಟು ವರ್ಷದಿಂದ: ಇಪ್ಪತ್ತೆರಡು. ತೂಕ: ಎಂಬತ್ತೊಂದು ಕಿಲೋ.

ಅವಳ ಮಗನ ತೂಕ ಹದಿನೆಂಟು ಕಿಲೋ. ಹುಟ್ಟಿ ನಾಲ್ಕನೇ ವರ್ಷಕ್ಕೇ ಆ ಕಾಯಿಲೆ ಅವನಿಗೆ ಅಂಟಿಕೊಂಡಿತ್ತು. ಹೊಟ್ಟೆಯ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಇನ್ಸುಲಿನ್ ಪಂಪು. ಅದು ಗಂಟೆಗೊಮ್ಮೆ ಆರೋಗ್ಯದ ಫೋಲ್ಡರನ್ನು ಓದಿ, ಎಷ್ಟು ಔಷಧ ಬಿಡಬೇಕೆಂದು ತಾನೇ ಲೆಕ್ಕ ಹಾಕುತ್ತಿತ್ತು.

ಡಬ್ಬಿಯ ಮುಚ್ಚಳ ನೆಲಕ್ಕೆ ಬಿದ್ದು ತಿರುಗಿತು.

"ಏನಾತು ತಂಗಿ?"

"ಅಣ್ಣಾರ, ನಮ್ಮ ಹುಡುಗಗ ಅವರಜ್ಜನ ಇನ್ಸುಲಿನ್ ಹೊಂಟೈತ್ರಿ."

ದಸ್ತಗೀರರು ವರದಿ ಓದಿದರು. ಅವರ ಮುಖದಲ್ಲಿದ್ದ ನಗೆ ಆರಿತು. "ಪಂಪು ಅನುಮಾನ ಪಡಲಿಲ್ಲೇನು? ಒಮ್ಮಿಂದೊಮ್ಮೆಲೆ ನಾಲ್ಕು ಪಟ್ಟು ಅಂದ್ರ..."

"ಪಟ್ಟೈತ್ರಿ. ಓರಣಕ್ಕ ಕೇಳೈತಿ. ಓರಣ ಮನಿಯವರ ಮಾತು ತೋರಿಸೈತಿ."

ಪೆಟ್ಟಿಗೆಯನ್ನು ಆರಿಸಿದರೆ? ಪಂಪು ಕೇಂದ್ರದಲ್ಲಿರುವ ಪ್ರತಿಯನ್ನು ಓದುತ್ತದೆ, ಅದೂ ಇದೇ. ಪಂಪನ್ನೇ ಕಳಚಿದರೆ? ಒಮ್ಮೆ ಶಾಲೆಯಲ್ಲಿ ಹುಡುಗರು ಆಟಕ್ಕೆಂದು ಕಿತ್ತ ಮೇಲೆ ಅದಕ್ಕೆ ಬೀಗ ಹಾಕಿಸಿದ್ದರು. ತಾಯಿ ಅಥವಾ ತಂದೆಯ ಬೆರಳು ತಾಗಿದರೆ ಮಾತ್ರ ಬಿಚ್ಚಿಕೊಳ್ಳುತ್ತದೆ. ತಾಯಿ ಧಾರವಾಡದಲ್ಲಿ, ತಂದೆ ಕಲಬುರಗಿಯ ರೈಲ್ವೆ ಕೆಲಸದಲ್ಲಿ. ಮನೆ ಗದಗಿನಲ್ಲಿ.

ಶನಿವಾರ ಅರ್ಧ ದಿನದ ಶಾಲೆ. ಹುಡುಗ ಆಗಲೇ ಮನೆ ಸೇರಿದ್ದ. ಅವನ ರಕ್ತದ ಸಕ್ಕರೆ ಸುವರ್ಣಾಳ ಮೊಬೈಲಿನ ಮೂಲೆಯಲ್ಲಿ ಸದಾ ಕಾಣುತ್ತಿತ್ತು. ನೂರಾ ಹತ್ತು. ಅದರ ಪಕ್ಕದಲ್ಲಿ ಕೆಳಮುಖದ ಬಾಣ. ಎಪ್ಪತ್ತಕ್ಕಿಂತ ಕೆಳಗಿಳಿದರೆ ಅಪಾಯ.

ಅವಳು ಮನೆಗೆ ಫೋನು ಹಚ್ಚಿದಳು. ಎತ್ತಿದವಳು ಅತ್ತೆ ನೀಲವ್ವ.

"ಅತ್ತಿ, ಓರಣ ಇವತ್ತ ನಿಮಗೇನರ ಕೇಳ್ತೇನ್ರಿ?"

"ಅದು ದಿನಾ ಕೇಳ್ತೈತಲ್ಲ. ನನ್ನ ಕೂಡ ಮಾತಾಡಾಕ ಮನ್ಯಾಗ ಅದೊಂದs ಐತಿ." ನೀಲವ್ವನ ದನಿಯಲ್ಲಿ ಹಿಗ್ಗಿತ್ತು. "ಇವತ್ತ ಯಜಮಾನ್ರ ಫೋಟೋ ತೋರಿಸ್ತು. ಡಿಪೋದಾಗ ಬಸ್ಸಿನ ಮುಂದ ನಿಂತದ್ದು. ಆಮ್ಯಾಲೆ ನಮ್ಮ ಈ ಯಜಮಾನ್ರದು ತೋರಿಸ್ತು. ಇವರೂ ಅವರೂ ಒಬ್ಬರೇನ್ರೀ ಅಂತು."

"ನೀವೇನಂದ್ರಿ?"

"ಹೂಂ ಅಂದೆ. ಮತ್ತೇನನ್ನಲಿ? ಅವರs ಇವರು. ತಿರುಗಿ ಬಂದಾರ. ಕಿವಿ ಹಿಂದಿನ ಮಚ್ಚಿ ಸೈತ ಅಲ್ಲೇ ಐತಿ."

ಸುವರ್ಣಾ ಕಣ್ಣು ಮುಚ್ಚಿದಳು. ಇದು ಅವಳಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಮಾವ ಹೋದ ಮೇಲೆ ನೀಲವ್ವ ಒಂದು ದಿನವೂ ಅವರು ತೀರಿಕೊಂಡರು ಎಂದು ಬಾಯಿಬಿಟ್ಟು ಅಂದಿರಲಿಲ್ಲ. ಮೊಮ್ಮಗನನ್ನು ಹೆಸರು ಹಿಡಿದು ಕರೆದವಳೂ ಅಲ್ಲ. ಗಂಡನ ಹೆಸರು ಹೇಳಬಾರದು, ಅದೇ ಹೆಸರು ಹುಡುಗನದ್ದೂ. ಯಜಮಾನ್ರು ಎದ್ರೇನು, ಯಜಮಾನ್ರು ಉಂಡ್ರೇನು, ಯಜಮಾನ್ರ ಚಡ್ಡಿ ಎಲ್ಲಿ ಬಿತ್ತು. ಬೀದಿಯವರೆಲ್ಲ ನಗುತ್ತಿದ್ದರು. ಸುವರ್ಣಾಳೂ ನಕ್ಕಿದ್ದಳು. ಮೂರು ತಿಂಗಳ ಹಿಂದೆ ಅವಳೇ ತಂದಿಟ್ಟ ಪೆಟ್ಟಿಗೆ ಮಾತ್ರ ಮೂಲೆಯಲ್ಲಿ ಕೂತು, ನಗದೆ, ಎಲ್ಲವನ್ನೂ ಕೇಳಿಸಿಕೊಂಡಿತ್ತು.

"ಅತ್ತಿ, ಚಿತ್ತಕೊಟ್ಟು ಕೇಳ್ರಿ. ನೀವು ಹೂಂ ಅಂದದ್ದಕ್ಕ ಮಾವನವರ ಔಷಧ ನಮ್ಮ ಹುಡುಗನ ಮೈಯಾಗ ಹೊಂಟೈತಿ. ಪೆಟಿಗಿ ಮುಂದ ಕುಂತು ಇಬ್ಬರೂ ಬ್ಯಾರೆ ಅಂತ ಹೇಳ್ರಿ. ಈಗಿಂದೀಗ."

ಆಚೆ ನೀಲವ್ವ ಮಂಚದ ಮೇಲೆ ಕೂತ ಸದ್ದು ಕೇಳಿಸಿತು.

"ಹಂಗಂದ್ರ ಏನಾಕ್ಕೈತಿ ಗೊತ್ತೇನ ನಿನಗ?"

"ಏನೂ ಆಗಂಗಿಲ್ರಿ, ಫೋಲ್ಡರ್ ಎರಡಾಗ್ತಾವ, ಅಷ್ಟ."

"ನಿನಗ ಅಷ್ಟ," ಎಂದಳು ನೀಲವ್ವ. "ನನಗ ಅಷ್ಟ ಅಲ್ಲವ್ವಾ."

ತೊಂಬತ್ತೆರಡು.

ದಸ್ತಗೀರರು ಇನ್ನೊಂದು ಫೋನಿನಲ್ಲಿ ಗದಗಿನ ಮಕ್ಕಳ ಡಾಕ್ಟರನ್ನು ಹಿಡಿದಿದ್ದರು. ಅಂಬುಲೆನ್ಸು ಹೊರಡುತ್ತದೆ, ಆದರೆ ರೈಲ್ವೆ ಗೇಟು ದಾಟಿ ಬರಬೇಕು. ಅಲ್ಲಿಯ ತನಕ ಸಕ್ಕರೆ ತಿನ್ನಿಸುತ್ತಿರಿ, ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿ ಎಂದಿದ್ದರು ಡಾಕ್ಟರು.

"ಅತ್ತಿ, ಮೊದಲು ಅವಗ ಸಕ್ರಿ ಕೊಡ್ರಿ. ಎರಡು ಚಮಚ ನೀರಾಗ ಕಲಸಿ."

"ಸಕ್ರಿ?" ನೀಲವ್ವ ಬೆಚ್ಚಿದಳು. "ಕಾಳು ಸಕ್ರಿ ಬಾಯಿಗೆ ಹೋಗಬಾರದು ಅಂತ ನೀನs ಎರಡು ವರ್ಷದಿಂದ ನನ್ನ ಜೀವಾ ತಿಂದೀ. ಸಕ್ರಿ ಎಲ್ಲೈತಿ ಮನ್ಯಾಗ? ಡಬ್ಬಿ ನೀನs ಬಾಜೂಕಿನವರ ಮನ್ಯಾಗ ಇಟ್ಟಿ. ಅವರು ಬೀಗಾ ಹಾಕ್ಕೊಂಡು ಲಕ್ಕುಂಡಿಗೆ ಹೋಗ್ಯಾರ."

ಸುವರ್ಣಾ ತಲೆಯ ಮೇಲೆ ಕೈಯಿಟ್ಟುಕೊಂಡಳು. ಅಷ್ಟು ಜೋಪಾನ, ಅಷ್ಟು ಎಚ್ಚರ. ಮಗನ ಕೈಗೆ ಸಿಗಬಾರದೆಂದು ಮನೆಯಲ್ಲಿ ಬಾಳೆಹಣ್ಣು ಕೂಡ ಇಡುತ್ತಿರಲಿಲ್ಲ ಅವಳು. ಎಲ್ಲ ತಪ್ಪನ್ನೂ ಮೊದಲೇ ತಡೆದಿಟ್ಟೆ ಎಂದುಕೊಂಡವಳ ಮನೆಯಲ್ಲಿ ಈಗ ಒಂದು ಚಮಚ ಸಿಹಿ ಇಲ್ಲ.

"ಬೆಲ್ಲ? ಏನರ ಸಿಹಿ? ನೆನಪು ಮಾಡ್ಕೊಳ್ರಿ ಅತ್ತಿ."

ನೀಲವ್ವ ತಡೆದು ತಡೆದು ಹೇಳಿದಳು. "ದೇವರ ಗೂಡಿನ್ಯಾಗ ಒಂದು ಹೆಂಟಿ ಬೆಲ್ಲ ಐತಿ. ನಿನಗ ಹೇಳಿರಲಿಲ್ಲ. ಬೈತೀ ಅಂತ."

"ಬೈಯಂಗಿಲ್ರಿ. ತಿನಸ್ರಿ. ಎಲ್ಲಾ ತಿನಸ್ರಿ."

ಫೋನನ್ನು ಎಲ್ಲೋ ಇಟ್ಟ ಸದ್ದು. ಸೀರೆಯ ಸರಬರ. ಆಮೇಲೆ ಹುಡುಗನ ದನಿ, ಸೋತ ದನಿ: "ಖರೇನ ಆಯಿ? ಬೆಲ್ಲ? ಅವ್ವ ನೋಡಿದ್ರ?"

"ನಿಮ್ಮವ್ವನs ಹೇಳ್ಯಾಳ. ತಿನ್ರಿ ಯಜಮಾನ್ರ, ತಿನ್ರಿ."

ಬಾಣ ಒಂದಿಷ್ಟು ಹೊತ್ತು ಅಡ್ಡವಾಯಿತು. ಎಂಬತ್ತೆಂಟಕ್ಕೆ ನಿಂತಿತು. ಸುವರ್ಣಾ ಉಸಿರು ಬಿಟ್ಟಳು. ಮರುಕ್ಷಣ ನಿಗಾ ಕೋಣೆಯ ಗೋಡೆ ಗಡಿಯಾರದಲ್ಲಿ ಗಂಟೆ ಬದಲಾಯಿತು. ಗದಗಿನಲ್ಲಿ ಪಂಪು ಮತ್ತೆ ಫೋಲ್ಡರು ಓದಿತು. ಎಂಬತ್ತೊಂದು ಕಿಲೋದ ಗಂಡಸಿಗೆ ಬೇಕಾದಷ್ಟು ಔಷಧ ಮತ್ತೆ ಹರಿಯತೊಡಗಿತು. ಬಾಣ ನೇರ ಕೆಳಕ್ಕೆ ತಿರುಗಿತು.

"ಅಣ್ಣಾರ, ಏನೂ ದಾರಿ ಇಲ್ಲೇನ್ರೀ?" ಕೇಳುವಾಗಲೇ ಬೆಳಗಿನ ಕೊಪ್ಪಳದವನ ದನಿ ಅವಳ ಕಿವಿಯಲ್ಲಿತ್ತು. ಮೂರು ಸಲ ತಾನು ಕೊಟ್ಟ ಉತ್ತರವೂ.

ದಸ್ತಗೀರರು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು. "ಮುದುಕೀನ್ನ ಹೆದರಿಸಬ್ಯಾಡ ತಂಗಿ. ಹೆದರಿದ್ರ ಬಾಯಿ ಕಟ್ಟತೈತಿ."

ಎಪ್ಪತ್ತೊಂದು.

"ಅತ್ತಿ, ಹುಡುಗ ಹೆಂಗದಾನ್ರಿ?"

"ನನ್ನ ತೊಡಿಮ್ಯಾಲೆ ಅದಾರ. ನಿದ್ದಿ ಬರತೈತಿ ಅಂತಾರ. ಸುವರ್ಣಾ, ಬೆವರಾಕತ್ತಾರವ್ವ. ಫ್ಯಾನ್ ಕೆಳಗ ಕುಂತರೂ ಹಣಿ ತಣ್ಣಗಾಗೇತಿ."

ಆ ಬೆವರು ನೀಲವ್ವನಿಗೆ ಏನನ್ನು ನೆನಪಿಸಿತೆಂದು ಸುವರ್ಣಾಳಿಗೆ ತಿಳಿಯಿತು. ಏಳು ವರ್ಷದ ಹಿಂದೆ, ಒಂದು ಬೆಳಿಗ್ಗೆ ಸೂಜಿ ಚುಚ್ಚಿಕೊಂಡು ಉಣ್ಣುವುದನ್ನು ಮರೆತ ಮಾವ ಪಡಸಾಲೆಯಲ್ಲಿ ಹೀಗೇ ಬೆವೆತಿದ್ದರು. ನೀಲವ್ವ ಸೆರಗಿನಿಂದ ಹಣೆ ಒರೆಸುತ್ತ, ಸೆಕೆಗೆ ಎಂದುಕೊಂಡು ಗಾಳಿ ಬೀಸುತ್ತ ಕೂತಿದ್ದಳು.

"ಅವತ್ತೂ ಹಿಂಗs," ಎಂದಳು ನೀಲವ್ವ. ದನಿ ಬೇರೆಯಾಗಿತ್ತು.

"ಹೌದ್ರಿ ಅತ್ತಿ," ಎಂದಳು ಸುವರ್ಣಾ. ಈ ಮಾತು ಆಡಬಹುದೋ ಬಾರದೋ ಎಂದು ಎರಡನೇ ಸಲ ಯೋಚಿಸಲು ಹೊತ್ತಿರಲಿಲ್ಲ. "ನೀವು ಅವರನ್ನ ಇಟ್ಕೊಂಡ್ರ ಇವ ಉಳಿಯಂಗಿಲ್ರಿ."

ಐವತ್ತೊಂಬತ್ತು.

ಫೋನಿನಲ್ಲಿ ಮಂಚ ಕಿರುಗುಟ್ಟಿತು. ಹುಡುಗನನ್ನು ಎತ್ತಿಕೊಂಡಿರಬೇಕು, ಎಪ್ಪತ್ತರ ಮೊಣಕಾಲು, ಒಂದೊಂದೇ ಹೆಜ್ಜೆ. ಕಂಪ್ಯೂಟರಿನ ಕೋಣೆಯ ಬಾಗಿಲು. ಆಮೇಲೆ ಸುವರ್ಣಾ ದಿನವೂ ಕೇಳುವ, ಊರಿನ ಹೆಣ್ಣುಮಗಳಂಥ ಆ ಯಂತ್ರದ ದನಿ: "ಬರ್ರಿ ನೀಲವ್ವಾರ. ಏನ್ ಹೇಳ್ತೀರಿ?"

"ನಾ ಮುಂಜಾನೆ ಅಂದದ್ದು ತಪ್ಪೈತಿ. ಇವರು... ಇವ ಬ್ಯಾರೆ."

"ಯಾರು ಯಾರು ಬ್ಯಾರೆ? ಇಬ್ಬರ ಹೆಸರೂ ಹೇಳ್ರಿ."

"ಯಜಮಾನ್ರು ಬ್ಯಾರೆ. ಈ ಹುಡುಗ ಬ್ಯಾರೆ."

"ಯಜಮಾನ್ರು ಅಂದ್ರ ಇಬ್ಬರನ್ನೂ ಕರೀತೀರಿ. ಹೆಸರು ಹೇಳ್ರಿ. ಯಾರು ಅದಾರ, ಯಾರು ಇಲ್ಲ, ಅದನ್ನೂ ಹೇಳ್ರಿ."

ನಿಗಾ ಕೋಣೆಯಲ್ಲಿ ಉಳಿದವರೂ ತಂತಮ್ಮ ಪರದೆ ಬಿಟ್ಟು ಎದ್ದು ಬಂದಿದ್ದರು. ಐವತ್ತೊಂದು.

ನೀಲವ್ವ ಏನೋ ಅಂದಳು. ಫೋನಿಗೆ ಉಸಿರಷ್ಟೇ ಬಂತು.

"ಸರಿಯಾಗಿ ಕೇಳಲಿಲ್ರಿ," ಎಂದಿತು ಓರಣ, ಬೇಸರವಿಲ್ಲದೆ. "ಇನ್ನೊಮ್ಮೆ ಹೇಳ್ರಿ."

ಸುವರ್ಣಾ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹೇಳಿಕೊಡುವಂತಿಲ್ಲ, ಬೇರೆ ದನಿ ಕೇಳಿದರೆ ಪೆಟ್ಟಿಗೆ ಮೊದಲಿನಿಂದ ಶುರು ಮಾಡುತ್ತದೆ.

"ವೀರಭದ್ರಪ್ಪ." ಆ ಹೆಸರು ಹರಿದ ಅರಿವೆಯಂತೆ ಹೊರಗೆ ಬಂತು. "ವೀರಭದ್ರಪ್ಪ ನನ್ನ ಗಂಡ. ಅವರು ಇಲ್ಲ. ಸತ್ತು ಹೋದರು. ಈ ಮನ್ಯಾಗ, ಆ ಪಡಸಾಲ್ಯಾಗ, ನನ್ನ ಕೈಯಾಗ. ಇವ ವೀರಭದ್ರ. ನನ್ನ ಮೊಮ್ಮಗ. ಇವ ಅದಾನ. ಕೇಳಿಸ್ತೇನು ನಿನಗ? ಇವ ಅದಾನ!"

"ಕೇಳಿಸ್ತ್ರಿ," ಎಂದಿತು ಓರಣ. "ಇಬ್ಬರನ್ನೂ ಬ್ಯಾರೆ ಮಾಡೇನ್ರಿ."

ಸುವರ್ಣಾಳ ಮೊಬೈಲಿನಲ್ಲಿ ಫೋಲ್ಡರು ಎರಡಾಯಿತು. ತೂಕ: ಹದಿನೆಂಟು ಕಿಲೋ. ಪಂಪು ಹೊಸ ಲೆಕ್ಕ ಓದಿ ಹರಿವನ್ನು ನಿಲ್ಲಿಸಿತು. ನಲವತ್ತೇಳು. ನಲವತ್ತೇಳು. ಫೋನಿನಲ್ಲಿ ಅಂಬುಲೆನ್ಸಿನ ಕೂಗು, ಬಾಗಿಲು ಬಡಿದ ಸದ್ದು, ಓಡಿಬಂದ ಕಾಲುಗಳು, ಸೂಜಿ ಕೊಡಿ ಎಂಬ ಯಾರದೋ ದನಿ. ಅವಳು ಆ ಅಂಕಿಯನ್ನೇ ನೋಡುತ್ತಿದ್ದಳು. ಐವತ್ತಮೂರು ಆದಾಗ ನಂಬಲಿಲ್ಲ. ಅರವತ್ತಾರು ಆದಾಗ ದಸ್ತಗೀರರು ಅವಳ ಕೈಯಿಂದ ಮೊಬೈಲು ತೆಗೆದುಕೊಂಡು, ಅವಳಿಗಾಗಿ ಎರಡನೇ ಸಲ ತಾವೇ ನೋಡಿದರು.

"ಹೌದು ತಂಗಿ. ಏರಾಕತ್ತೈತಿ. ನಡಿ, ರೈಲಿಗೆ ನಾ ಬಿಡ್ತೇನಿ."

ಹೊರಡುವ ಮುಂಚೆ ಸುವರ್ಣಾ ಒಂದು ಕೆಲಸ ಮಾಡಿದಳು. ಬೆಳಗಿನ ಕೊಪ್ಪಳದವನ ನಂಬರು ಹುಡುಕಿ, ಇದನ್ನು ಸೋಮವಾರದ ಸಭೆಯಲ್ಲಿ ಎತ್ತಬೇಕು ಎಂದು ತನ್ನ ಪರದೆಯ ಮೇಲೆ ಬರೆದಿಟ್ಟಳು. ಕಿತ್ತ ಕೀಲಿಯನ್ನು ತಿರುಗಿ ಕೊಡಿ ಎನ್ನಬೇಕೋ, ಬೇಡವೋ? ಅದು ಅವಳಿಗೂ ತಿಳಿಯಲಿಲ್ಲ. ಕೇಳಬೇಕು ಎಂಬುದಷ್ಟೇ ತಿಳಿದಿತ್ತು.

ಅವಳು ಮನೆ ಮುಟ್ಟಿದಾಗ ಬೀದಿಯಲ್ಲಿ ಇನ್ನೂ ಬೆಳಕಿತ್ತು. ಡಾಕ್ಟರು ಪರೀಕ್ಷೆ ಮಾಡಿ ಕಳಿಸಿದ್ದರು. ಹುಡುಗ ಪಡಸಾಲೆಯಲ್ಲಿ ಬೆಲ್ಲದ ಕಲೆಯಾದ ಅಂಗಿಯಲ್ಲೇ ಕೂತು ಆಟಿಕೆ ಬಸ್ಸಿನ ಗಾಲಿ ಕೀಳುತ್ತಿದ್ದ. ಅವನ ಅಂಗಿ ಎತ್ತಿ ಪಂಪು ನೋಡಿದಳು, ಮೊಬೈಲು ನೋಡಿದಳು, ಮತ್ತೆ ಪಂಪು ನೋಡಿದಳು. ಆಮೇಲೆ ಅವನನ್ನು ಎಷ್ಟು ಗಟ್ಟಿಯಾಗಿ ಅಪ್ಪಿಕೊಂಡಳೆಂದರೆ ಅವನೇ ಬಿಡಿಸಿಕೊಂಡ.

"ಅವ್ವಾ, ಆಯಿಗೆ ನನ್ನ ಮ್ಯಾಲೆ ಸಿಟ್ಟು ಬಂದೈತಿ."

"ಯಾಕೋ?"

"ಯಜಮಾನ್ರ ಅನ್ನವಲ್ಲಳು. ಲೇ ವೀರಭದ್ರಾ, ಬಸ್ಸು ಮುರೀಬ್ಯಾಡಲೇ ಅಂದ್ಲು. ಅದು ನನ್ನ ಸಾಲಿ ಹೆಸರಲ್ಲ?"

ಒಳಗಿನಿಂದ ನೀಲವ್ವನ ದನಿ ಬಂತು. "ಸಿಟ್ಟಲ್ಲಲೇ. ಗಂಡನ್ನ ಬೈಯಾಕ ಬರ್ತಿರಲಿಲ್ಲ. ಮೊಮ್ಮಗನ್ನ ಬೈಬಹುದು. ಗಾಲಿ ಹಚ್ಚು ಮೊದಲು."

ಸುವರ್ಣಾ ಕಂಪ್ಯೂಟರಿನ ಕೋಣೆಗೆ ಹೋದಳು. ನೀಲವ್ವ ಪೆಟ್ಟಿಗೆಯ ಮುಂದಿನ ಸ್ಟೂಲಿನ ಮೇಲೆ ಕೂತಿದ್ದಳು, ಮಧ್ಯಾಹ್ನದಿಂದ ಎದ್ದೇ ಇಲ್ಲವೇನೋ ಎಂಬಂತೆ. ಕಣ್ಣು ಬಾತಿದ್ದವು. ಸುವರ್ಣಾ ಅತ್ತೆಯ ಪಕ್ಕ ನೆಲದ ಮೇಲೆ ಕೂತಳು.

"ಎಲ್ಲಾರೂ ಏಳು ವರ್ಷದ ಹಿಂದs ಅತ್ತು ಮುಗಿಸೀರಿ," ಎಂದಳು ನೀಲವ್ವ. "ನಾ ಇವತ್ತ ಸುರು ಮಾಡೇನಿ."

"ಪೆಟಿಗಿ ತಗಸಿಬಿಡ್ಲೇನ್ರಿ ಅತ್ತಿ?"

"ಬ್ಯಾಡ. ಅವರ ಫೋಟೋ ಎಲ್ಲಾ ಎಲ್ಲೈತಿ ಅಂತ ಇದಕ್ಕs ಗೊತ್ತು."

ಪರದೆಯ ಮೇಲೆ ಮಾವನ ಫೋಲ್ಡರು ತೆರೆದಿತ್ತು. ಬದುಕಿದ್ದಾಗ ಅವರು ಅದಕ್ಕೆ ತಾವೇ ಇಟ್ಟಿದ್ದ ಹೆಸರು 'ತೆಗೀಬ್ಯಾಡ್ರಿ' ಎಂದು. ಓರಣ ಆ ಹೆಸರನ್ನು ಬದಲಿಸಿರಲಿಲ್ಲ. ಆದರೆ ಇಬ್ಬರನ್ನು ಬೇರೆ ಮಾಡಿದ ಮೇಲೆ ಅದು ಹಳೆಯ ಗುರುತುಗಳನ್ನೆಲ್ಲ ಮತ್ತೊಮ್ಮೆ ಮೊದಲಿನಿಂದ ಕೇಳಿ ಗಟ್ಟಿಮಾಡಿಕೊಳ್ಳಬೇಕಿತ್ತು. ಡಿಪೋದ ಫೋಟೋ ಪರದೆಯ ತುಂಬ ಬಂತು. ಖಾಕಿ ಅಂಗಿ, ಕೈಯಲ್ಲಿ ನಟ್ಟು ಬಿಚ್ಚುವ ಪಾನಾ, ಕಿವಿಯ ಹಿಂದೆ ಮಚ್ಚೆ.

"ಇವರು ಯಾರ್ರೀ?" ಎಂದಿತು ಪೆಟ್ಟಿಗೆ.

ಸುವರ್ಣಾ ಅದನ್ನು ಆರಿಸಲೆಂದು ಕೈ ಚಾಚಿದಳು. ನೀಲವ್ವ ಆ ಕೈಯನ್ನು ಹಿಡಿದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಸೆರಗಿನಿಂದ ಮುಖ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು.

"ವೀರಭದ್ರಪ್ಪ," ಎಂದಳು. ಈ ಸಲ ಪೆಟ್ಟಿಗೆ ಎರಡನೇ ಬಾರಿ ಕೇಳಬೇಕಾಗಲಿಲ್ಲ.